ನೋಟೀಸು ಹೊಡೆಯುತ್ತಿದ್ದ ಆರ್ಲಿಸ್

ಆರ್ಲಿಸ್ ಕ್ನೆಪ್ ನೋಟೀಸು ಹೊಡೆಯುವುದರಲ್ಲಿ ಒಂದು ಅಚ್ಚುಕಟ್ಟಿತ್ತು. ಬ್ರೆಡ್ಡಿನ ಖಾಲಿ ಪ್ಲಾಸ್ಟಿಕ್ ಚೀಲದೊಳಗೆ ಕಾಗದವನ್ನು ಸುಕ್ಕಾಗದಂತೆ ತೂರಿಸಿ, ಮಳೆನೀರು ಒಳಗೆ ಹೋಗದ ಹಾಗೆ ಚೀಲದ ಬಾಯಿ ಕೆಳಗೆ ಮಾಡಿ ಮಡಚಿ, ಅಗಲ ತಲೆಯ ನಾಲ್ಕು ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದಳು. ಒಂದೊಂದು ಮೊಳೆಗೆ ಎರಡೇ ಏಟು. ಹಳೆಯದನ್ನು ಕಿತ್ತುಹಾಕುವ ಪದ್ಧತಿ ನಮ್ಮಲ್ಲಿಲ್ಲ, ಅದರ ಮೇಲೇ ಹೊಸದು. ಹಾಗಾಗಿ ಕೆಳಗಿನ ಪಂಪ್‌ಹೌಸಿನ ಬಾಗಿಲ ಮೇಲೆ ಎಷ್ಟೋ ವರ್ಷಗಳ ನೋಟೀಸುಗಳು ಒಂದರ ಮೇಲೊಂದು ಕೂತು ದಿಂಬಿನಷ್ಟು ದಪ್ಪವಾಗಿದ್ದವು. ಬೇಸಿಗೆಯಲ್ಲಿ ಅದರ ಸಂದಿಯಲ್ಲಿ ಕಣಜಗಳು ಗೂಡು ಕಟ್ಟುತ್ತಿದ್ದವು.

ಐದು ಕಡೆ ಹೊಡೆಯಬೇಕೆಂಬುದು ನಮ್ಮ ಬಸಿಗಾಲುವೆ ಮಂಡಳಿಯ ನಿಯಮ. ಮೇಲಿನ ಪಂಪ್‌ಹೌಸು, ಕೆಳಗಿನ ಪಂಪ್‌ಹೌಸು, ಮೆಕ್ಕೆಜೋಳದ ಗೋದಾಮಿನ ಬಾಗಿಲು, ಚರ್ಚಿನ ಹಿಂದಿನ ಶೆಡ್ಡು, ಸೇತುವೆಯ ಮರದ ಕಂಬ. ಅವಳು ಐದು ಕಡೆಯೂ ಹೊಡೆಯುತ್ತಿದ್ದಳು. ಐದು ಕಡೆಯೂ ಓದುವವರು ಮಾತ್ರ ಯಾರೂ ಇರಲಿಲ್ಲ. ಯಾಕೆ ಓದಬೇಕು, ಆರ್ಲಿಸ್‌ಳನ್ನು ಕೇಳಿದರಾಯಿತು. "ಏನಂತೆ ಆರ್ಲಿಸ್?" ಅಂದರೆ ಬಾಯಲ್ಲಿ ಮೊಳೆ ಇಟ್ಟುಕೊಂಡೇ ಹೇಳುತ್ತಿದ್ದಳು: "ಸೆಪ್ಟೆಂಬರ್ ಮೊದಲನೇ ಶನಿವಾರ. ನಿಲ್ಲೋರು ಒಂದು ತಿಂಗಳು ಮುಂಚೆ ಹೆಸರು ಕೊಡ್ಬೇಕು. ಬರೋವಾಗ ಏನಾದ್ರೂ ಮಾಡ್ಕೊಂಡು ಬನ್ನಿ." ಕೊನೆಯ ಮಾತು ನೋಟೀಸಿನಲ್ಲಿ ಇರುತ್ತಿರಲಿಲ್ಲ. ಆದರೂ ನಾವೆಲ್ಲ ಏನಾದರೂ ಮಾಡಿಕೊಂಡು ಹೋಗುತ್ತಿದ್ದೆವು.

ನಾನು ಅವಳ ಪಕ್ಕದ ಮನೆಯವನು. ಪಕ್ಕದ ಮನೆ ಅಂದರೆ ನಡುವೆ ಒಂದು ಹೊಲ, ಒಂದು ಕಾಲುವೆ. ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದೆ. ಈ ಕಡೆಯ ಒಂದೊಂದು ಮನೆಯ ಮಕ್ಕಳೂ ನನ್ನ ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರೇ. ಹೀಗಾಗಿ ಯಾರ ಬಗ್ಗೆಯೂ ನನಗೆ ಅತಿಯಾದ ಗೌರವ ಇಲ್ಲ. ಆರ್ಲಿಸ್ ಬಗ್ಗೆ ಇತ್ತು.

ನಮ್ಮ ನೆಲ ನದಿಗಿಂತ ತಗ್ಗು. ಅಜ್ಜಂದಿರ ಕಾಲದಲ್ಲಿ ಜೌಗಾಗಿದ್ದದ್ದನ್ನು ಒಡ್ಡು ಹಾಕಿ, ಕಾಲುವೆ ತೋಡಿ, ಬೇಸಾಯಕ್ಕೆ ತಂದರು. ಪೇಟೆಯವರು ಪ್ರವಾಹ ಅಂದರೆ ಒಡ್ಡು ಒಡೆದು ನೀರು ನುಗ್ಗುವುದು ಅಂದುಕೊಳ್ಳುತ್ತಾರೆ. ನಮ್ಮಲ್ಲಿ ನೀರು ಅಷ್ಟು ಗದ್ದಲ ಮಾಡುವುದಿಲ್ಲ. ನದಿ ಏರಿದಾಗ ಒಡ್ಡಿನ ಅಡಿಯ ಮರಳಿನೊಳಗಿಂದ ಒಸರಿ ನೆಲಮಾಳಿಗೆಗೆ ಬರುತ್ತದೆ, ಉತ್ತಿದ ಸಾಲಿಗೆ ಬರುತ್ತದೆ, ಆಲೂಗಡ್ಡೆಯ ಮಡಿಗೆ ಬರುತ್ತದೆ. ಅದನ್ನು ಕಾಲುವೆಗೆ ಹರಿಸಿ, ಪಂಪಿನಿಂದ ಎತ್ತಿ, ಒಡ್ಡಿನಾಚೆ ನದಿಗೆ ವಾಪಸ್ಸು ಎಸೆಯಬೇಕು. ವರ್ಷಪೂರ್ತಿ ಇದೇ ಕೆಲಸ. ಕೆಳಗಿನ ಪಂಪು ನಿಂತರೆ ನಮ್ಮ ಏಳು ಮನೆಗಳು ಎರಡು ವಾರದಲ್ಲಿ ಕೆರೆಯೊಳಗೆ.

ಆ ಪಂಪನ್ನು ಮೊದಲು ನೋಡಿಕೊಳ್ಳುತ್ತಿದ್ದವನು ಆರ್ಲಿಸ್‌ಳ ಗಂಡ ವರ್ನ್. ಒಂದು ಫೆಬ್ರವರಿ ಬೆಳಗ್ಗೆ ಪಂಪ್‌ಹೌಸಿನ ಕುರ್ಚಿಯಲ್ಲೇ ಕೂತಹಾಗೆ ಹೋಗಿಬಿಟ್ಟ. ಬೇರೆ ಆಳು ಸಿಗುವವರೆಗೆ ನೀನೇ ನೋಡಿಕೋ ಎಂದು ಆರ್ಲಿಸ್‌ಗೆ ಹೇಳಿದರು ಮಂಡಳಿಯವರು. ಹತ್ತೊಂಬತ್ತು ವರ್ಷ ಆಳು ಸಿಗಲಿಲ್ಲ. ನೋಟೀಸು ಹೊಡೆಯುವ ಕೆಲಸ ಅದಕ್ಕೂ ಮೊದಲಿನಿಂದ ಅವಳದೇ. ಮಕ್ಕಳಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದವಳು ಮಾತಿನ ನಡುವೆ ಸುಮ್ಮನಾಗಿ ಕಿವಿಗೊಡುತ್ತಿದ್ದಳು. ಅರ್ಧ ಮೈಲಿ ದೂರದ ಪಂಪಿನ ಸದ್ದು ಸರಿಯಾಗಿದೆ ಅನ್ನಿಸಿದರೆ ಮಾತು ಮುಂದುವರಿಯುತ್ತಿತ್ತು. ಇಲ್ಲದಿದ್ದರೆ ವರ್ನ್‌ನ ಕೋಟು ಹಾಕಿಕೊಂಡು ಹೊರಟೇಬಿಡುತ್ತಿದ್ದಳು, ಒಲೆಯ ಮೇಲಿನ ಮೊಟ್ಟೆ ನಾನು ತಿರುವಿಹಾಕಬೇಕಿತ್ತು. ಒಮ್ಮೆ ತಂಗಿಯ ಮನೆಗೆಂದು ಅರಿಝೋನಾಕ್ಕೆ ಹತ್ತು ದಿನಕ್ಕೆ ಹೋದವಳು ನಾಲ್ಕೇ ದಿನಕ್ಕೆ ವಾಪಸ್ಸು ಬಂದಳು. ಅಲ್ಲೆಲ್ಲ ಒಣಗಿಹೋಗಿದೆ, ಕೇಳಿಸಿಕೊಳ್ಳೋದಕ್ಕೇ ಏನೂ ಇಲ್ಲ ಅಂದಳು.

ಎರಡು ವರ್ಷಕ್ಕೊಮ್ಮೆ ಮಂಡಳಿಯ ಒಂದು ಜಾಗಕ್ಕೆ ಚುನಾವಣೆ. ಅದೂ ಕೆಳಗಿನ ಪಂಪ್‌ಹೌಸಿನಲ್ಲೇ. ಹಳೆಯ ಹಾಲಿನ ಕ್ಯಾನಿನ ಮುಚ್ಚಳ ಸೀಳಿ ಮತಪೆಟ್ಟಿಗೆ ಮಾಡಿದ್ದರು. ಅದರ ಹಿಂದೆ ಆರ್ಲಿಸ್ ಚರ್ಚಿಗೆ ಹಾಕುವ ಉಡುಪಿನಲ್ಲಿ ಕೂತು, ಜಮೀನಿದ್ದವರ ಪಟ್ಟಿಯಲ್ಲಿ ಹೆಸರಿನ ಮುಂದೆ ಗೆರೆ ಎಳೆಯುತ್ತಿದ್ದಳು. ಜಮೀನಿಲ್ಲದವರಿಗೆ ಓಟಿಲ್ಲ. ಬಹುತೇಕ ಸಲ ನಿಂತವನು ಒಬ್ಬನೇ, ಆದರೂ ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸ್ ಕಾಳು, ಹುಳಿದಂಟಿನ ರೂಬಾರ್ಬ್ ಪೈ, ಉಪ್ಪಿನಕಾಯಿ ಇಟ್ಟುಕೊಂಡು ಮಧ್ಯಾಹ್ನದವರೆಗೆ ಜನ ಕದಲುತ್ತಿರಲಿಲ್ಲ.

ಮಂಡಳಿಯಲ್ಲಿ ಮೂವರು. ಒಬ್ಬ ನಮ್ಮ ಕೆಳಗಿನ ಕಡೆಯವನು, ಒಬ್ಬ ಮೇಲಿನ ಕಡೆಯವನು, ಮೂರನೆಯವನು ಅಧ್ಯಕ್ಷ ಗೇಲನ್ ಸ್ಟ್ರೂಬ್. ಗೇಲನ್‌ನದೂ ಮೇಲಿನ ಕಡೆಯೇ ಜಮೀನು, ದೊಡ್ಡ ಜಮೀನು. ಇಪ್ಪತ್ತೆರಡು ವರ್ಷದಿಂದ ಅವನೇ ಅಧ್ಯಕ್ಷ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ವರ್ನ್ ಸತ್ತ ವರ್ಷ ಅವನ ಹೊಲದಲ್ಲಿ ಜೋಳ ಬಿತ್ತಿ ಕೊಯ್ದುಕೊಟ್ಟವನು ಗೇಲನ್.

ಒಂದು ಜೂನ್ ತಿಂಗಳ ಸಭೆಯಲ್ಲಿ ಗೇಲನ್ ಎದ್ದು, ಕೆಳಗಿನ ಪಂಪು ಹಳೆಯದಾಯಿತು, ಅದರ ಬಿಡಿಭಾಗ ಮಾಡುವವರೇ ಈಗಿಲ್ಲ, ಮುಚ್ಚುವುದು ಒಳ್ಳೆಯದು ಅಂದ. ಏಳು ಮನೆಯವರು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಗೇಲನ್ ಮುಂದುವರಿಸಿದ. ತನ್ನ ಅವಧಿ ಸೆಪ್ಟೆಂಬರಿಗೆ ಮುಗಿಯುತ್ತದೆ, ಹೋಗುವ ಹೊತ್ತಿನಲ್ಲಿ ಇಂಥದ್ದನ್ನು ತೀರ್ಮಾನ ಮಾಡುವುದು ಸರಿಯಲ್ಲ, ಚುನಾವಣೆ ಆದಮೇಲೆ ಮಂಡಳಿ ನಿರ್ಧರಿಸಲಿ ಎಂದ. ಆಗ ಆರ್ಲಿಸ್ ಎದ್ದು ನಿಂತಳು. ಅಷ್ಟು ವರ್ಷ ಸಭೆಗೆ ಕಾಫಿ ಕಾಸಿದವಳು ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ಹಾಗಾದ್ರೆ ನಿನ್ನ ಜಾಗಕ್ಕೆ ನಾನು ನಿಲ್ತೀನಿ ಗೇಲನ್."

"ನಿಲ್ಲು ಆರ್ಲಿಸ್," ಅಂದ ಅವನು. "ಗೆದ್ರೆ ಮಂಡಳಿ ಕಾಗದಪೆಟ್ಟಿಗೆ ಕೀಲಿ ನಾನೇ ತಂದು ಕೊಡ್ತೀನಿ."

ಹೊರಗೆ ಬಂದು ಟ್ರಕ್ಕಿನ ಬಾನೆಟ್ಟಿನ ಮೇಲೆ ಹೆಸರು ಬರೆದು ಲೆಕ್ಕ ಹಾಕಿದೆವು. ನಮ್ಮ ಏಳು ಮನೆ, ಪೇಟೆಗೆ ಹೋಗಿದ್ದರೂ ಇಲ್ಲಿ ಜಮೀನು ಉಳಿಸಿಕೊಂಡವರು, ಚರ್ಚಿನ ಹೆಂಗಸರು, ಗೇಲನ್ ಮೇಲೆ ಹಳೆಯ ಮುನಿಸಿದ್ದ ಇಬ್ಬರು ಅಣ್ಣತಮ್ಮಂದಿರು. ಹತ್ತು ಹನ್ನೆರಡು ಓಟಿನಿಂದ ಗೆಲ್ಲುವಂತಿತ್ತು. ಆ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆದಿದ್ದರೆ ಅವಳು ಗೆಲ್ಲುತ್ತಿದ್ದಳು. ಇದನ್ನು ನಾನು ಸಾಯುವವರೆಗೂ ಹೇಳುತ್ತೇನೆ.

ಆಗಸ್ಟಿನಲ್ಲಿ ರಾಜಧಾನಿಯಿಂದ ಕಾಗದ ಬಂತು. ಸಣ್ಣಸಣ್ಣ ಮಂಡಳಿಗಳ ಚುನಾವಣೆಗಳು ಬೇಕಾದ ದಿನ ಬೇಕಾದ ಹಾಗೆ ನಡೆಯುತ್ತವೆ, ಜನ ಬರುವುದಿಲ್ಲ, ಎಲ್ಲವನ್ನೂ ಒಂದೇ ದಿನಕ್ಕೆ ತಂದರೆ ಜನ ಬರುತ್ತಾರೆ ಅಂತ ಯಾರಿಗೋ ಹೊಳೆದಿತ್ತು. ಕಾನೂನೇ ಆಯಿತು. ನಮ್ಮಲ್ಲಿ ಪಟ್ಟಿಯಲ್ಲಿದ್ದವರು ನೂರನಲವತ್ತು ಜನ, ಬೀನ್ಸ್ ತಿನ್ನಲಿಕ್ಕಾದರೂ ತೊಂಬತ್ತು ಜನ ಬರುತ್ತಿದ್ದರು. ಆ ರಾಜಧಾನಿಯಲ್ಲಿ ಯಾವ ಚುನಾವಣೆಗೆ ಇಷ್ಟು ಜನ ಬರುತ್ತಾರೋ ನನಗೆ ತಿಳಿಯದು. ಅಂತೂ ಸೆಪ್ಟೆಂಬರಿನದು ಮುಂದಿನ ಏಪ್ರಿಲಿಗೆ ಹೋಯಿತು. ಅಲ್ಲಿಯವರೆಗೆ ಇದ್ದ ಸದಸ್ಯರೇ ಇರತಕ್ಕದ್ದು.

ಆ ನೋಟೀಸನ್ನು ಆರ್ಲಿಸ್ ಓದಿಯೇ ಹೊಡೆದಳು. ಹೊಡೆಯುವಾಗ ಮೊದಲ ಸಲ ಒಂದು ಮೊಳೆಗೆ ಮೂರು ಏಟು ಬೇಕಾಯಿತು.

ಪಂಪು ಏಪ್ರಿಲಿನವರೆಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ. ಬೇರಿಂಗು ಸವೆದು ಕೀರಲು ಹಿಡಿದಿತ್ತು. ರಿಪೇರಿ ಮಾಡಿಸಿ ಎಂದು ಅವಳು ಗೇಲನ್‌ನನ್ನು ಕೇಳಿದಳು. ನಾಳೆ ಮುಚ್ಚುವುದಾದರೆ ಇವತ್ತು ರಿಪೇರಿ ಯಾಕೆ, ಚುನಾವಣೆ ಆಗಲಿ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲಿಕ್ಕೂ ಆಗಲಿಲ್ಲ. ಆರ್ಲಿಸ್ ಗುಜರಿ ಅಂಗಡಿಗಳನ್ನು ಸುತ್ತಿದಳು. ವರ್ನ್ ಕಾಫಿಡಬ್ಬಿಗಳಲ್ಲಿ ಕೂಡಿಟ್ಟಿದ್ದ ನಟ್ಟು, ವಾಷರು, ಪಟ್ಟಿಗಳನ್ನೆಲ್ಲ ನೆಲದ ಮೇಲೆ ಸುರಿದುಕೊಂಡು ಕೂತಳು. ಆ ಚಳಿಗಾಲ ಪಂಪು ಓಡಿತು. ಜೇನು ಸಾಕುತ್ತಿದ್ದ ಮನೆಯವರು ಮಾತ್ರ ಓಡುವ ಪಂಪನ್ನು ನಂಬದೆ ಮಾರಿ ಹೋದರು. ಕೊಂಡವನು ಯಾರೋ ದೂರದವನು, ಅವನು ಒಂದು ದಿನವೂ ಬರಲಿಲ್ಲ. ಆರು ಮನೆ ಉಳಿದೆವು.

ಏಪ್ರಿಲಿಗೆ ಆರು ವಾರ ಇರುವಾಗ ಎರಡನೆಯ ನೋಟೀಸು. ಏಪ್ರಿಲಿನಲ್ಲಿ ಶಾಲಾಮಂಡಳಿಗಳದೇ ದೊಡ್ಡ ಗಲಾಟೆ ಇರುವುದರಿಂದ ಬಸಿಗಾಲುವೆ ಮಂಡಳಿಗಳು ನವೆಂಬರಿಗೆ. ಗೋದಾಮಿನಲ್ಲಿ ಕಾಫಿ ಕುಡಿಯುವವರಿಗೆ ತಮಾಷೆಯಾಯಿತು. ಅವಳು ಒಳಗೆ ಬಂದರೆ ಸಾಕು, "ಏನಮ್ಮ ಆರ್ಲಿಸ್, ಈ ಸಲ ಯಾವ ಶತಮಾನ?" ಎನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ನಾನೂ ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಆ ಬೇಸಿಗೆಯಲ್ಲಿ ಇನ್ನೂ ಎರಡು ಮನೆ ಖಾಲಿಯಾದವು. ಒಂದು ಮನೆಯವರು ಹೊರಡುವ ಮುಂಚೆ ಆರ್ಲಿಸ್‌ಗೆ ತಮ್ಮ ಕೋಳಿಗಳನ್ನು ಕೊಟ್ಟು, ಚುನಾವಣೆಯ ದಿನ ಖಂಡಿತ ಬರುತ್ತೇವೆ ಎಂದರು. ಜಮೀನು ಮಾರಿದವರಿಗೆ ಓಟಿಲ್ಲ ಎಂದು ಅವಳು ಅವರಿಗೆ ನೆನಪಿಸಲಿಲ್ಲ. ಕೋಳಿಗಳನ್ನು ಇಟ್ಟುಕೊಂಡಳು.

ನವೆಂಬರೂ ನಡೆಯಲಿಲ್ಲ. ದೊಡ್ಡ ಚುನಾವಣೆಯ ಮತಪತ್ರದಲ್ಲಿ ಎಲ್ಲರಿಗೂ ಓಟು, ನಮ್ಮದರಲ್ಲಿ ಜಮೀನಿದ್ದವರಿಗೆ ಮಾತ್ರ. ಎರಡನ್ನೂ ಒಟ್ಟಿಗೆ ನಡೆಸಲು ಬರುವುದಿಲ್ಲವೆಂಬುದು ಅವರಿಗೆ ಅಕ್ಟೋಬರಿನಲ್ಲಿ ಗೊತ್ತಾಯಿತು. ನಮ್ಮಲ್ಲಿ ಯಾರನ್ನು ಕೇಳಿದ್ದರೂ ಒಂದು ವರ್ಷ ಮೊದಲೇ ಹೇಳುತ್ತಿದ್ದರು. ಮತ್ತೆ ಏಪ್ರಿಲು.

ಈಗ ಆ ಏಪ್ರಿಲಿನ ನೋಟೀಸು ಹೊಡೆದ ದಿನದ ಮಾತು, ನವೆಂಬರಿನ ಕೊನೆಯ ವಾರ. ಮಂಡಳಿಯ ಕಾರ್ಯದರ್ಶಿ ಡೀನಾ ಬೆಳಗ್ಗೆಯೇ ಫೋನು ಮಾಡಿ, ಏಪ್ರಿಲ್ ನಾಲ್ಕು, ಈ ಸಲ ಬದಲಾಗುವುದಿಲ್ಲ ಎಂದಳು. ಇನ್ನು ಮುಂದೆ ಹೆಸರು ಕೊಡುವುದು ತನ್ನ ಅಡುಗೆಮನೆಯಲ್ಲಲ್ಲ, ಇಪ್ಪತ್ತು ಜನ ಜಮೀನುದಾರರ ಸಹಿ ಹಾಕಿಸಿ ಜಿಲ್ಲಾಕೇಂದ್ರದ ಕಚೇರಿಗೆ ಒಯ್ಯಬೇಕು ಅಂತಲೂ ಹೇಳಿದಳು. ಯಾವ ದಿನದೊಳಗೆ ಎಂದು ಡೀನಾ ಹೇಳಲಿಲ್ಲ, ಆರ್ಲಿಸ್ ಕೇಳಲಿಲ್ಲ. ಒಂದು ತಿಂಗಳು ಮುಂಚೆ ಎಂಬುದು ಇಬ್ಬರಿಗೂ ಗೊತ್ತಿದ್ದ ವಿಷಯ. ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಡೀನಾಳೂ ಆ ಕಾಗದವನ್ನು ಕಚೇರಿಯಿಂದ ಬಂದ ಹಾಗೇ ಐದು ಪ್ರತಿ ತೆಗೆದು ಕಳಿಸಿದ್ದಳೇ ಹೊರತು ಓದಿರಲಿಲ್ಲ.

ಅಂದೇ ಪಂಪಿನ ಬೆಲ್ಟು ತುಂಡಾಗಿತ್ತು. ಆರ್ಲಿಸ್ ಗ್ರೀಸು ಮೆತ್ತಿದ ಕೈಯಲ್ಲೇ ಐದು ನೋಟೀಸುಗಳನ್ನು ಚೀಲಕ್ಕೆ ತುಂಬಿದಳು. ದಪ್ಪ ಅಕ್ಷರದ ಮೇಲಿನ ಸಾಲು ಕಂಡಿತು: ಏಪ್ರಿಲ್ ನಾಲ್ಕು. ಕನ್ನಡಕ ಟ್ರಕ್ಕಿನಲ್ಲಿತ್ತು. ಗೋದಾಮಿಗೆ ಬಂದಾಗ ಗಾಳಿ ಎಷ್ಟಿತ್ತೆಂದರೆ ಚೀಲ ಪಟಪಟ ಹೊಡೆದುಕೊಳ್ಳುತ್ತಿತ್ತು. ಗೇಲನ್ ಅದೇ ಹೊತ್ತಿಗೆ ಜೋಳ ತೂಗಿಸಲು ಬಂದಿದ್ದ. ಇಳಿದು ಬಂದು ಕಾಗದದ ಎರಡು ಮೂಲೆ ಹಿಡಿದುಕೊಂಡ. ಅವಳು ಹೊಡೆದಳು. ನಾನು ಒಳಗೆ ಕಾಫಿ ಲೋಟ ಹಿಡಿದು ಗಾಜಿನಿಂದ ನೋಡುತ್ತಿದ್ದೆ. ಅಲ್ಲಿಂದ ಮೂರು ತಿಂಗಳು, ಭಾನುವಾರ ಬಿಟ್ಟು ಪ್ರತಿದಿನ, ಆ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಕಾಫಿ ಕುಡಿದಿದ್ದೇನೆ. ಆ ಕಾಗದ ನನ್ನ ಮೂಗಿನ ಮುಂದೆಯೇ ಇತ್ತು.

ಫೆಬ್ರವರಿಯಲ್ಲಿ ಅವಳು ಸಹಿ ಹಾಕಿಸಲು ಹೊರಟಳು. ಪಂಪಿನಿಂದ ಅರ್ಧ ದಿನ ದೂರವಿರಲು ಹೆದರುತ್ತಿದ್ದವಳು ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ತಿರುಗಿದಳು. ನನ್ನನ್ನು ಪಂಪ್‌ಹೌಸಿನಲ್ಲಿ ಕೂರಿಸಿ, ಸದ್ದು ಹೀಗಾದರೆ ಇದನ್ನು ಒತ್ತು, ಹಾಗಾದರೆ ಅದನ್ನು ಎಳೆ ಎಂದು ಹೇಳಿಕೊಟ್ಟು ಹೋಗುತ್ತಿದ್ದಳು. ಕೆಳಗಿನ ಕಡೆ ನಾಲ್ಕೇ ಮನೆ ಉಳಿದಿದ್ದರಿಂದ ಮೇಲಿನ ಕಡೆಗೂ ಹೋಗಬೇಕಾಯಿತು. ಮನೆಗೊಂದು ಪೈ. ಮೇಲಿನ ಕಡೆಯವರಿಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ ಅಂತೇನಿಲ್ಲ. ಒಬ್ಬ ಮುದುಕಿ ಸಹಿ ಹಾಕುತ್ತಾ, ನಮ್ಮ ನೆಲಮಾಳಿಗೆ ಒಣಗಿದೆ, ನಿಮ್ಮದು ಒದ್ದೆ, ಇದು ನ್ಯಾಯ ಅಲ್ಲ ಎಂದಳಂತೆ. ಇಪ್ಪತ್ತು ಬೇಕಿದ್ದಲ್ಲಿ ನಲವತ್ತೊಂದು ಸಹಿ ಆದವು. ಹಾಳೆಯ ಮೇಲೆ ಒಂದು ಕಡೆ ರೂಬಾರ್ಬ್ ಕಲೆ ಬಿದ್ದಿತ್ತು. ಅದಕ್ಕೆ ತಿರಸ್ಕಾರ ಆಗಿಬಿಟ್ಟರೆ ಅಂತ ಎರಡು ದಿನ ತಲೆ ಕೆಡಿಸಿಕೊಂಡಳು.

ಕೊನೆಯ ದಿನದವರೆಗೆ ಕಾಯಬಾರದೆಂದು ಫೆಬ್ರವರಿ ಇಪ್ಪತ್ತೇಳಕ್ಕೇ ಹೊರಟೆವು. ನಾನೇ ಓಡಿಸಿದೆ. ಅವಳು ಚರ್ಚಿನ ಕೋಟು ಹಾಕಿದ್ದಳು, ಕಾಗದಗಳನ್ನು ಹೊಸ ಬ್ರೆಡ್ಡಿನ ಚೀಲದಲ್ಲಿಟ್ಟು ತೊಡೆಯ ಮೇಲೆ ಹಿಡಿದಿದ್ದಳು. ದಾರಿಯುದ್ದಕ್ಕೂ ಮಾತಾಡಿದಳು. ಗೆದ್ದರೆ ಮೊದಲು ಬೇರಿಂಗು, ಆಮೇಲೆ ಚಾವಣಿ. ಆಮೇಲೆ ಬಾಗಿಲ ಮೇಲಿನ ಹಳೆಯ ನೋಟೀಸುಗಳನ್ನೆಲ್ಲ ಕಿತ್ತು ಬಣ್ಣ ಹೊಡೆಸಬೇಕು, ವರ್ನ್‌ಗೆ ಅದು ಕಣ್ಣಿಗೆ ಆಗುತ್ತಿರಲಿಲ್ಲ ಎಂದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಆಮೇಲೆ ನೋಡಿಲ್ಲ.

ಕಿಟಕಿಯ ಹಿಂದಿದ್ದ ಹುಡುಗಿ ಒಳ್ಳೆಯವಳು. ಕಾಗದ ನೋಡಿದಳು, ಕ್ಯಾಲೆಂಡರು ನೋಡಿದಳು.

"ಇದು ಡಿಸೆಂಬರ್ ಹತ್ತೊಂಬತ್ತಕ್ಕೇ ಮುಗೀತಲ್ಲಮ್ಮ," ಎಂದಳು.

"ಯಾವ್ದು?"

"ನಾಮಪತ್ರ ಕೊಡೋದು. ಹೊಸ ಕಾನೂನಿನಲ್ಲಿ ನೂರ ಆರು ದಿನ ಮುಂಚೆ ಕೊಡ್ಬೇಕು. ನೋಟೀಸಲ್ಲಿ ಹಾಕಿದ್ವಿ."

ಅಂಥ ನೋಟೀಸು ನಮ್ಮಲ್ಲಿಗೆ ಬಂದೇ ಇಲ್ಲ ಎಂದು ನಾನು ದನಿ ಎತ್ತರಿಸಿದೆ. ಬಂದಿದ್ದರೆ ಈ ಆರ್ಲಿಸ್‌ಗೆ ಗೊತ್ತಿಲ್ಲದೆ ಇರುತ್ತಿರಲಿಲ್ಲ ಎಂದೆ. ಹುಡುಗಿ ಒಳಗೆ ಹೋಗಿ ಒಂದು ಕಡತ ತಂದಳು. ನೋಟೀಸಿನ ಪ್ರತಿ. ಅದಕ್ಕೆ ಪಿನ್ನು ಹಾಕಿದ ಇನ್ನೊಂದು ಹಾಳೆ: ಮೇಲ್ಕಂಡ ನೋಟೀಸನ್ನು ಐದು ಸ್ಥಳಗಳಲ್ಲಿ ಸಾರ್ವಜನಿಕರಿಗೆ ಕಾಣುವಂತೆ ಅಂಟಿಸಿದ್ದೇನೆ. ಕೆಳಗೆ ಆರ್ಲಿಸ್‌ಳ ಸಹಿ. ಸಹಿಯ ಪಕ್ಕದಲ್ಲಿ ಗ್ರೀಸಿನ ಹೆಬ್ಬೆರಳ ಗುರುತು.

ಗೇಲನ್ ಒಬ್ಬನೇ ಅರ್ಜಿ ಕೊಟ್ಟಿದ್ದಾನೆ, ಒಬ್ಬರೇ ಇದ್ದರೆ ಚುನಾವಣೆಯೇ ಇಲ್ಲ, ಮತಪತ್ರವೂ ಅಚ್ಚಾಗುವುದಿಲ್ಲ ಎಂದು ಹುಡುಗಿ ವಿವರಿಸಿದಳು. ಅವನ ಅವಧಿ ಇನ್ನು ಆರು ವರ್ಷ. ಆರ್ಲಿಸ್ ತನ್ನ ಸಹಿಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ತಂದ ಕಾಗದಗಳನ್ನು ಮತ್ತೆ ಚೀಲಕ್ಕೆ ತೂರಿಸಿ, ಚೀಲದ ಬಾಯಿ ಮಡಚಿ, ಥ್ಯಾಂಕ್ಸ್ ಹೇಳಿ ಹೊರಗೆ ಬಂದಳು.

ವಾಪಸ್ಸು ಹೊರಟೆವು. ಸೇತುವೆಯ ಹತ್ತಿರ ನಿಲ್ಲಿಸು ಎಂದಳು. ಇಳಿದು, ಕನ್ನಡಕ ಹಾಕಿಕೊಂಡು, ಕಂಬದ ಮುಂದೆ ಬಗ್ಗಿ ಓದಿದಳು. ಚೀಲದೊಳಗೆ ಒಂದು ಹನಿ ನೀರು ಹೋಗಿರಲಿಲ್ಲ. ಒಂದು ಅಕ್ಷರವೂ ಅಳಿಸಿರಲಿಲ್ಲ.

"ಇಲ್ಲೇ ಇದೆ ಲೈಲ್," ಎಂದಳು. "ಕೆಳಗಡೆಯಿಂದ ಮೂರನೇ ಸಾಲು."

ನನ್ನನ್ನು ಬೈದಿದ್ದರೆ ಆಗುತ್ತಿತ್ತು. ಮೂರು ತಿಂಗಳು ಕಾಫಿ ಕುಡಿದೆಯಲ್ಲೋ, ಒಂದು ಸಲ ಕಣ್ಣೆತ್ತಿ ನೋಡಬಾರದಿತ್ತೇ ಎಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಬೈಯಲಿಲ್ಲ. ಆವತ್ತಿನಿಂದ ಇವತ್ತಿನವರೆಗೂ ಬೈದಿಲ್ಲ.

ಮಾರನೆಯ ದಿನ ಗೇಲನ್‌ನ ಮನೆಗೆ ಹೋದೆವು. ಬೇಡ ಅಂದಿದ್ದಳು, ನಾನೇ ಎಳೆದುಕೊಂಡು ಹೋದೆ. ನನಗೆ ಯಾರ ಮೇಲಾದರೂ ಕೂಗಾಡಬೇಕಿತ್ತು. ಅವನು ಬಾಗಿಲು ತೆರೆದವನು ನಮ್ಮ ಮುಖ ನೋಡಿ ಕಾಫಿಗೆ ನೀರಿಟ್ಟ. ವಿಷಯ ಕೇಳಿ ಕುರ್ಚಿಯಲ್ಲಿ ಕೂತುಬಿಟ್ಟ.

"ನೀನು ಬೇಡ ಅಂತ ಬಿಟ್ಟೆ ಅಂದ್ಕೊಂಡೆ ಆರ್ಲಿಸ್. ನಾನು ಕಾಗದ ಹಿಡ್ಕೊಂಡಿದ್ದೆ, ಹೊಡೆದೋಳು ನೀನು. ನಿಂಗೆ ಗೊತ್ತಿಲ್ಲ ಅಂತ ನಂಗೆ ಹ್ಯಾಗೆ ಹೊಳೀಬೇಕು?"

"ಹೊಳೆಯಲ್ಲ," ಎಂದಳು ಆರ್ಲಿಸ್.

"ಹತ್ತೊಂಬತ್ತನೇ ತಾರೀಕು ಸಂಜೆವರೆಗೂ ಕಾದೆ. ನೀನು ಹೋಗಿಲ್ಲ ಅಂತ ಗೊತ್ತಾದ್ಮೇಲೇ ನಾನು ಹೋಗಿದ್ದು."

ಹಾಗಿದ್ದರೆ ಒಂದು ಫೋನು ಮಾಡಲು ಏನಾಗಿತ್ತು ಎಂದು ಕೇಳಿದೆ. ಅವನು ಎದ್ದು ಮೂರು ಲೋಟಕ್ಕೆ ಕಾಫಿ ಬಗ್ಗಿಸಿದ. ರಾಜೀನಾಮೆ ಕೊಡು ಎಂದೂ ಹೇಳಿದೆ. ಕೊಟ್ಟರೆ ಖಾಲಿ ಜಾಗವನ್ನು ತುಂಬುವವರು ಉಳಿದಿಬ್ಬರು ಸದಸ್ಯರು, ಒಬ್ಬ ಇವಳ ಹೆಸರು ಹೇಳಿದರೆ ಇನ್ನೊಬ್ಬ ಆಗದು ಅನ್ನುತ್ತಾನೆ, ಜಾಗ ಖಾಲಿಯೇ ಇರುತ್ತದೆ ಎಂದ. ಅವನು ಸುಳ್ಳು ಹೇಳುತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮುಖ ನೋಡಿದರೆ ಹಾಗೆ ಕಾಣಲಿಲ್ಲ. ಕಾಫಿ ಯಾರೂ ಕುಡಿಯಲಿಲ್ಲ.

ಪಂಪು ಉಳಿಸಿಕೋ ಎಂದು ಆರ್ಲಿಸ್ ಅವನನ್ನು ಕೇಳಲೇ ಇಲ್ಲ. ಆ ಮಾತು ನನ್ನ ನಾಲಿಗೆ ತುದಿಗೆ ಬಂದಾಗ ಅವಳು ಆಗಲೇ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಟ್ರಕ್ಕಿನಲ್ಲಿ ಯಾಕೆ ಕೇಳಲಿಲ್ಲ ಎಂದೆ. ಅವನು ಚುನಾವಣೆ ಆದಮೇಲೆ ಅಂದಿದ್ದ, ಅದು ಆದಹಾಗೇ ಲೆಕ್ಕ ಎಂದಳು.

ಮೇ ತಿಂಗಳ ಸಭೆಯಲ್ಲಿ ಇಬ್ಬರು ಹೌದು, ಒಬ್ಬ ಅಲ್ಲ. ಜುಲೈ ಒಂದರಿಂದ ಕೆಳಗಿನ ಪಂಪು ಬಂದ್. ಅದಕ್ಕೂ ನೋಟೀಸು ಬೇಕು, ಐದು ಕಡೆ ಬೇಕು. ಡೀನಾ ಅಳುತ್ತಾ ಫೋನು ಮಾಡಿ, ಈ ಸಲ ಬೇರೆ ಯಾರಿಗಾದರೂ ಹೇಳುತ್ತೇನೆ ಎಂದಳಂತೆ. ಬೇಡ, ಕೆಲಸ ನನ್ನದು ಎಂದಳು ಆರ್ಲಿಸ್.

ಕೆಳಗಿನ ಪಂಪ್‌ಹೌಸಿಗೆ ಕೊನೆಯದಾಗಿ ಬಂದಳು. ನಾನು ಜೊತೆಗಿದ್ದೆ. ಒಳಗೆ ಪಂಪು ಓಡುತ್ತಿತ್ತು. ಕನ್ನಡಕ ಹಾಕಿಕೊಂಡು, ಚೀಲಕ್ಕೆ ತುಂಬುವ ಮುಂಚೆ ಕಾಗದವನ್ನು ಮೇಲಿನ ಸಾಲಿನಿಂದ ಗಟ್ಟಿಯಾಗಿ ಓದಿದಳು. ಮಂಡಳಿಯ ಹೆಸರು, ಕಾನೂನಿನ ಸಂಖ್ಯೆ, ತಾರೀಕು, ಸಹಿಗಳು, ಅಚ್ಚು ಹಾಕಿದವರ ವಿಳಾಸವನ್ನೂ ಬಿಡಲಿಲ್ಲ. ಶಾಲೆಯ ಮಕ್ಕಳು ಬೆರಳಿಟ್ಟು ಓದುವ ಹಾಗೆ ಒಂದೊಂದು ಪದಕ್ಕೂ ಬೆರಳಿಟ್ಟಳು. ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

"ಏನಾದ್ರೂ ಬಿಟ್ನಾ ಲೈಲ್?"

"ಇಲ್ಲ."

"ಇನ್ನೊಂದ್ಸಲ ನೋಡು."

ನಾನು ಇಸಿದುಕೊಂಡು ಓದಿದೆ. ಅವಳು ಏನು ಹುಡುಕುತ್ತಿದ್ದಾಳೆಂದು ಆಗ ತಿಳಿಯಿತು. ಯಾವುದೋ ಒಂದು ಸಾಲು, ಯಾವುದೋ ಒಂದು ತಾರೀಕು, ಇನ್ನೂ ಅವಕಾಶವಿದೆ ಎನ್ನುವಂಥದ್ದು. ಅಂಥದ್ದು ಏನೂ ಇರಲಿಲ್ಲ. ತಲೆಯಾಡಿಸಿ ವಾಪಸ್ಸು ಕೊಟ್ಟೆ. ಆ ದಪ್ಪದ ಮೇಲೆ ಹೊಡೆದರೆ ಮೊಳೆ ಮರಕ್ಕೆ ತಲುಪುತ್ತಿರಲಿಲ್ಲ, ಉದ್ದದ ಮೊಳೆ ತಂದಿದ್ದಳು. ಹೊಡೆದಳು.

ಜುಲೈ ಒಂದರ ಬೆಳಗ್ಗೆ ಸ್ವಿಚ್ಚು ಇಳಿಸಿದವಳೂ ಅವಳೇ. ಪಂಪು ಸ್ವಲ್ಪ ಹೊತ್ತು ಸುತ್ತಿ ನಿಂತಿತು. ನನ್ನ ಜೀವಮಾನದಲ್ಲಿ ಆ ಕಡೆ ಕಪ್ಪೆಗಳ ಸದ್ದನ್ನು ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ಆರ್ಲಿಸ್ ಕೈಯಲ್ಲಿ ಗ್ರೀಸಿನ ಬಟ್ಟೆ ಹಿಡಿದು, ಯಂತ್ರವನ್ನು ಒರೆಸಲು ಶುರುಮಾಡಿ, ಅರ್ಧಕ್ಕೇ ಬಿಟ್ಟಳು.

ಆ ಬೇಸಿಗೆ ಒಣಗಿತ್ತು, ಹಾಗಾಗಿ ಅಕ್ಟೋಬರಿನವರೆಗೆ ಇರಲು ಬಿಟ್ಟಿತು ನೀರು. ಮುಂದಿನ ವಸಂತಕ್ಕೆ ಬಾತುಕೋಳಿ ಬೇಟೆಯಾಡುವವರ ಕೂಟವೊಂದು ಬಂದು ನಮ್ಮೆಲ್ಲರ ನೆಲ ಕೊಂಡಿತು. ನೀರು ನಿಲ್ಲುವ ಜಾಗವೇ ಅವರಿಗೆ ಬೇಕಾಗಿತ್ತು. ಈಗ ಆರ್ಲಿಸ್‌ಳ ಅಡುಗೆಮನೆಯಿದ್ದ ಕಡೆ ಬೇಟೆಗಾರರು ಅಡಗಿ ಕೂರುವ ಹುಲ್ಲಿನ ಗುಡಿಸಲಿದೆ. ಕೋಳಿಗಳನ್ನು ಗೇಲನ್‌ನ ಹೆಂಡತಿ ಒಯ್ದಳು.

ನಾವಿಬ್ಬರೂ ಪೇಟೆಯ ಒಂದೇ ಕಟ್ಟಡದಲ್ಲಿದ್ದೇವೆ, ವಯಸ್ಸಾದವರಿಗೆಂದು ಕಟ್ಟಿದ್ದು. ಅವಳು ಮೊದಲನೆಯ ಮಹಡಿ, ನಾನು ಕೆಳಗೆ. ಈಗ ಅವಳು ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಾಳೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಅಂಟಿಸಿದ ಸೂಚನೆ, ಔಷಧದ ಡಬ್ಬಿಯ ಒಳಗಿನ ಚೀಟಿ, ಲಿಫ್ಟಿನೊಳಗಿನ ಪರವಾನಗಿ, ತುಟಿಯಾಡಿಸಿಕೊಂಡು ಕೊನೆಯ ಸಾಲಿನವರೆಗೆ. ಹಿಂದೆ ನಿಂತವರು ಗೊಣಗುತ್ತಾರೆ. ಮಾತಿನ ನಡುವೆ ಸುಮ್ಮನಾಗಿ ಕಿವಿಗೊಡುವುದು ಮಾತ್ರ ನಿಂತಿದೆ. ಕೇಳಿಸಿಕೊಳ್ಳಲು ಅಲ್ಲಿ ಏನೂ ಇಲ್ಲ.

ಎರಡು ವರ್ಷದ ಮೇಲೆ ಒಂದು ದಿನ ಗೋದಾಮಿಗೆ ಹೋಗಿದ್ದೆ. ಬಾಗಿಲ ಮೇಲೆ ಹೊಸ ನೋಟೀಸು, ಯಾರೋ ಅಂಟು ಪಟ್ಟಿಯಿಂದ ಸೊಟ್ಟಗೆ ಅಂಟಿಸಿದ್ದರು. ನಮ್ಮ ಕಡೆಯಿಂದ ಇದ್ದ ಸದಸ್ಯನ ಅವಧಿ ಮುಗಿದಿತ್ತು, ಮತ್ತೆ ಮಂಡಳಿಯ ಚುನಾವಣೆ. ಹಳೆಯ ಚಾಳಿ, ಓದದೆ ಬಂದೆ. ಸಂಜೆ ಅವಳ ಬಾಗಿಲು ತಟ್ಟಿ, "ಏನಂತೆ ಆರ್ಲಿಸ್, ಯಾವಾಗಂತೆ?" ಎಂದು ಕೇ‍ಳಿಬಿಟ್ಟೆ. ಬಾಯಿಂದ ಹೊರಟ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು.

"ನನ್ನ ಕೇಳ್ಬೇಡ ಲೈಲ್. ಹೋಗಿ ಓದು. ಕೊನೇ ಸಾಲಿನವರೆಗೂ ಓದು."

ಮಾರನೆಯ ದಿನ ಹೋಗಿ ಬಾಗಿಲ ಮುಂದೆ ನಿಂತು ಓದಿದೆ. ತಾರೀಕಿತ್ತು. ನಾಮಪತ್ರಕ್ಕೆ ಇನ್ನೂ ಇಪ್ಪತ್ತು ದಿನ ಇತ್ತು. ಕೊನೆಯ ಸಾಲಿನಲ್ಲಿ, ಮಂಡಳಿಯ ವ್ಯಾಪ್ತಿಯೊಳಗೆ ಸ್ವಂತ ಜಮೀನು ಹೊಂದಿರುವವರು ಮಾತ್ರ ನಿಲ್ಲಬಹುದು, ಮತ ಹಾಕಬಹುದು ಎಂದು ಬರೆದಿತ್ತು.